ಹದಿನಾಲ್ಕು ಮೊಳ ದಾರ

ವಾರ್ಡ್ ಸಭೆಗೆ ಸಹಾಯ ಮಾಡಬೇಕೆಂದು ಹೇಳಿ ಕಳುಹಿಸಿದಾಗ, ಹಿಂದಿನ ವರ್ಷಗಳಲ್ಲಿ ಏನೇನು ನಡೆದಿದೆ ನೋಡೋಣವೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ ನಡವಳಿ ಪುಸ್ತಕಗಳನ್ನು ತಂದುಕೊಂಡೆ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಮಧ್ಯಾಹ್ನ ಓದುಗರು ಕಡಿಮೆ ಇರುವ ಹೊತ್ತಿನಲ್ಲಿ ಐದು ವರ್ಷಗಳ ನಡವಳಿಯನ್ನು ಸಾಲಾಗಿ ಓದಿದೆ. ಐದರಲ್ಲೂ ಬೇಡಿಕೆ ಒಂದೇ: ಸಿಮೆಂಟ್ ರಸ್ತೆ, ಚರಂಡಿ, ಬೀದಿ ದೀಪ, ಕೊಳವೆ ಬಾವಿ. ಮೂರನೆಯ ವರ್ಷ ಮಾತ್ರ ಯಾರೋ ಹೈಮಾಸ್ಟ್ ದೀಪವನ್ನು ಸೇರಿಸಿದ್ದರು. ಕೆಳಗೆ ಸಹಿಗಳು, ಹೆಬ್ಬೆಟ್ಟಿನ ಗುರುತುಗಳು. ಆ ಹೆಬ್ಬೆಟ್ಟಿನವರಲ್ಲಿ ಇಬ್ಬರು ನನಗೆ ಚೆನ್ನಾಗಿ ಗೊತ್ತಿದ್ದ ಹೆಂಗಸರು. "ಅವತ್ತು ಸಭೆಯಲ್ಲಿ ಏನು ಮಾತಾಯಿತು?" ಎಂದು ಕೇಳಿದೆ. ಸಭೆಗೆ ತಾವು ಹೋಗಿರಲೇ ಇಲ್ಲ, ಪುಸ್ತಕವೇ ಮನೆಗೆ ಬಂದಿತ್ತು ಎಂದು ಇಬ್ಬರೂ ಹೇಳಿದರು.

ಇದು 2022ರ ಸೆಪ್ಟೆಂಬರ್‌ನ ಮಾತು. ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಹಿಂದಿನವರು ಊರಿಗೊಂದು ಕೆರೆ ಕಟ್ಟಿ, ಒಂದರ ಕೋಡಿ ಹರಿದರೆ ಮುಂದಿನದಕ್ಕೆ ನೀರು ಹೋಗುವಂತೆ ಮಾಡಿ ಬದುಕಿದರು. ಈಗ ರಾಗಿ, ಟೊಮೆಟೊ, ರೇಷ್ಮೆ, ಹಸು. ಬೆಳಗಿನ ಜಾವ ನರಸಾಪುರ ಕೈಗಾರಿಕಾ ಪ್ರದೇಶದ ಕಡೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ನಮ್ಮೂರಿನ ಹದಿನೆಂಟು ಹುಡುಗಿಯರು ಹೊರಡುತ್ತಾರೆ.

ಪ್ರತಿ ವರ್ಷ ಗಾಂಧಿ ಜಯಂತಿಯಿಂದ 'ನಮ್ಮ ಗ್ರಾಮ ನಮ್ಮ ಯೋಜನೆ', ಅಂದರೆ ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ರೂಪಿಸುವ ಕೆಲಸ, ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ, ಕೊನೆಗೆ ಪಂಚಾಯಿತಿಯ ಒಪ್ಪಿಗೆ. ಕಾಯ್ದೆ ಜನರಿಗೆ ಕೊಟ್ಟ ಅಧಿಕಾರ ಸಣ್ಣದಲ್ಲ. ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಕೂತರೆ ಅದು ಸಭೆ. ಇಪ್ಪತ್ತು ಜನ ಕೂತು ಮಾತನಾಡಿದರೆ ಆಗುವ ಕೆಲಸವನ್ನು ನಾವು ಇಪ್ಪತ್ತು ಹೆಬ್ಬೆಟ್ಟಿಗೆ ಇಳಿಸಿಬಿಟ್ಟಿದ್ದೆವು. ಹೊಸದಾಗಿ ಬಂದಿದ್ದ ಪಿಡಿಒ ಈ ಸಲ ಹಾಗಾಗಬಾರದು ಎಂದು ಹಟ ಹಿಡಿದರು. ನನ್ನನ್ನು, ಅಂಗನವಾಡಿ ಶಿಕ್ಷಕಿಯನ್ನು, ಸ್ವಸಹಾಯ ಸಂಘಗಳ ಒಕ್ಕೂಟದ ಇಬ್ಬರು ಹೆಂಗಸರನ್ನು ತಾಲ್ಲೂಕಿನಲ್ಲಿ ಎರಡು ದಿನದ ತರಬೇತಿಗೆ ಕಳುಹಿಸಿದರು.

ಆ ತರಬೇತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕಲಿಸಲು ಬಂದಿದ್ದವರು ಅರವತ್ತು ದಾಟಿದ ಮೇಡಂ. 1990ರ ದಶಕದ ಆರಂಭದಲ್ಲಿ ಹಳ್ಳಿಗಳಲ್ಲಿ ಕೆಲಸ ಮಾಡಿದ್ದವರು. ಬ್ರಿಟನ್ನಿನ ಗ್ರಾಮಾಭಿವೃದ್ಧಿ ಸಂಶೋಧಕ ರಾಬರ್ಟ್ ಚೇಂಬರ್ಸ್ ಭಾರತದಲ್ಲಿದ್ದ ಕಾಲ ಅದು. ಬೆಂಗಳೂರಿನ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೊಸ ಪದ್ಧತಿಯೊಂದನ್ನು ಶುರು ಮಾಡಿದ್ದವು. ಅಲ್ಲಿಯವರೆಗೆ ಹೊರಗಿನಿಂದ ಬಂದವರು ಫಾರಂ ಹಿಡಿದು ಪ್ರಶ್ನೆ ಕೇಳುತ್ತಿದ್ದರು, ಊರಿನವರು ಉತ್ತರ ಹೇಳುತ್ತಿದ್ದರು. ಅದನ್ನು ತಿರುಗಿಸಿ, ಊರಿನವರೇ ನೆಲದ ಮೇಲೆ ತಮ್ಮ ಊರನ್ನು ಬರೆಯುವುದು, ಹೊರಗಿನವರು ಸುಮ್ಮನೆ ಕೂತು ನೋಡುವುದು. "ಕೈಯಲ್ಲಿರುವ ಕೋಲನ್ನು ಅವರಿಗೆ ಕೊಡಿ. ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡಿರಿ. ಎರಡನೆಯದೇ ಕಷ್ಟ" ಎಂದರು ಮೇಡಂ.

ಮುಂದಿನ ದಿನಗಳನ್ನು ಕಾಣಿಸುವ ಪದ್ಧತಿಯನ್ನು ಅವರು ಬೇರೆ ಕಡೆಯಿಂದ ತಂದಿದ್ದರು. ಬರ್ಲಿನ್‌ನಲ್ಲಿ ಹುಟ್ಟಿ ಸಾಲ್ಸ್‌ಬರ್ಗ್‌ನಲ್ಲಿ ನೆಲೆಸಿದ್ದ ರಾಬರ್ಟ್ ಯುಂಕ್ ಎಂಬ ಲೇಖಕರು ರೂಪಿಸಿದ 'ಭವಿಷ್ಯದ ಕಮ್ಮಟ' ಅದು. ಅದಕ್ಕೆ ಮೂರು ಮೆಟ್ಟಿಲು. ಮೊದಲು ದೂರುಗಳನ್ನೆಲ್ಲ ಹೊರಗೆ ಹಾಕುವುದು. ಆಮೇಲೆ ದುಡ್ಡಿದೆಯೇ, ಕಾನೂನಿದೆಯೇ ಎಂದು ನೋಡದೆ ಬೇಕಾದ ನಾಳೆಯನ್ನು ಕಣ್ಣ ಮುಂದೆ ತಂದುಕೊಳ್ಳುವುದು. ಕೊನೆಗೆ ಆ ನಾಳೆಯಿಂದ ಹಿಂದಕ್ಕೆ ನಡೆದು ಇವತ್ತಿನ ಕೆಲಸಕ್ಕೆ ಬರುವುದು. ಮೂರನ್ನೂ ಬೆರೆಸಬಾರದು ಎಂದು ಅವರು ಒತ್ತಿ ಹೇಳಿದರು. ಒಬ್ಬರು ಕನಸು ಹೇಳುವಾಗ ಇನ್ನೊಬ್ಬರು "ಅದಕ್ಕೆ ಅನುದಾನ ಎಲ್ಲಿದೆ?" ಎಂದರೆ ಆ ಕನಸು ಅಲ್ಲಿಗೇ ಮುಗಿಯಿತು.

ನನ್ನಲ್ಲಿ ಬೇರೂರಿದ್ದು ಅವರ ಇನ್ನೊಂದು ಮಾತು: "ನಿಮಗೆ ಏನು ಬೇಕು ಎಂದು ಮಾತ್ರ ಕೇಳಬೇಡಿ." ಐದು ವರ್ಷದ ನಡವಳಿ ನನ್ನ ಕಣ್ಣ ಮುಂದೆ ಬಂತು. ಏನು ಬೇಕು ಎಂದು ಕೇಳಿದ ಗಳಿಗೆಯಲ್ಲೇ ಕೇಳಿದವರು ಕೊಡುವವರಾಗುತ್ತಾರೆ, ಎದುರಿಗಿದ್ದವರು ಬೇಡುವವರಾಗುತ್ತಾರೆ. ಬೇಡುವವರು ಸಿಗುವುದನ್ನೇ ಬೇಡುತ್ತಾರೆ, ಸಿಗುವುದು ಸಿಮೆಂಟ್ ರಸ್ತೆ ಎಂದು ಎಲ್ಲರಿಗೂ ಗೊತ್ತಿದೆ.

ಸಭೆ ಎಲ್ಲಿ ಎಂಬುದೇ ಮೊದಲ ತೊಡಕಾಯಿತು. ವಾಡಿಕೆಯಂತೆ ದೇವಸ್ಥಾನದ ಮುಂದಿನ ಅರಳಿಕಟ್ಟೆ ಎಂದು ವಾರ್ಡ್ ಸದಸ್ಯರು ಹೇಳಿದರು. ನೆರಳಿದೆ, ಊರ ನಡುವೆ ಇದೆ. ಅಂಗನವಾಡಿ ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿಟ್ಟರೆ ಕಾಲೊನಿಯವರು ಬರುತ್ತಾರೆ ಅಕ್ಕ, ಆದರೆ ಕಟ್ಟೆಯ ಮೇಲೆ ಕೂರುವುದಿಲ್ಲ. ಕೆಳಗೆ ನಿಂತೇ ಇರುತ್ತಾರೆ" ಎಂದರು. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅವರು ಹೇಳುವವರೆಗೆ ಅದು ಸಭೆಗೆ ಸಂಬಂಧಪಟ್ಟದ್ದು ಎಂದು ನನಗೆ ಹೊಳೆದಿರಲಿಲ್ಲ. ನಿಂತವರು ಎಷ್ಟು ಹೊತ್ತು ನಿಂತಾರು, ನಿಂತುಕೊಂಡು ಏನು ಮಾತನಾಡಿಯಾರು? ಶಾಲೆಯ ಅಂಗಳಕ್ಕೆ ಬದಲಿಸಿದೆವು. ಅಲ್ಲಿ ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ನೆಲದ ಮೇಲೆ ಕೂತವರೇ.

ಹೊತ್ತಿನದು ಎರಡನೆಯ ತೊಡಕು. ಡೇರಿಗೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹಾಲು ಹಾಕಬೇಕು. ಕಂಪನಿ ಬಸ್ಸು ಬರುವುದು ಸಂಜೆ ಏಳೂವರೆಗೆ. ಕಚೇರಿಯ ವೇಳೆಯಲ್ಲಿ ಸಭೆ ಕರೆದರೆ ಕಚೇರಿಯವರು, ಕೆಲಸವಿಲ್ಲದ ಗಂಡಸರು ಮಾತ್ರ ಬರುತ್ತಾರೆ. ಹೀಗಾಗಿ ಒಂದೇ ಸಭೆಯ ಬದಲು ಎರಡು ಭಾನುವಾರಗಳನ್ನು ಹಿಡಿದೆವು, ಬೆಳಿಗ್ಗೆ ಹತ್ತಕ್ಕೆ. ಊರಲ್ಲಿ ತಮಟೆ ಹೊಡೆಸಿದ್ದಲ್ಲದೆ ನಾವು ನಾಲ್ವರೂ ಮನೆಮನೆಗೆ ಹೋಗಿ ಹೇಳಿದೆವು.

ಮೊದಲ ಭಾನುವಾರ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಪುಡಿ, ಬೂದಿ, ಇಟ್ಟಿಗೆ ಪುಡಿ, ಬೇವಿನ ಸೊಪ್ಪು, ಹುಣಸೆ ಬೀಜ ಇಟ್ಟುಕೊಂಡು ಕೂತೆವು. ನಲವತ್ತರ ಮೇಲೆ ಜನ ಇದ್ದರು. ಊರಿನ ನಕ್ಷೆ ಬರೆಯಿರಿ ಎಂದಾಗ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಪಂಚಾಯಿತಿ ಸದಸ್ಯರೊಬ್ಬರು ಎದ್ದು ರಂಗೋಲಿ ಪುಡಿಯಲ್ಲಿ ಮುಖ್ಯ ರಸ್ತೆ ಎಳೆದರು, ದೇವಸ್ಥಾನ ಬರೆದರು, ತಮ್ಮ ಮನೆ ಬರೆದರು. ಅಲ್ಲಿಗೆ ನಿಂತಿತು.

ಆಗ ನೀರಗಂಟಿ ತಾತ ಎದ್ದರು. ಎಂಬತ್ತರ ಹತ್ತಿರದ ವಯಸ್ಸು. ಅವರ ಮನೆತನದವರು ತಲೆಮಾರುಗಳಿಂದ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಿದವರು. ಕೆರೆಯಲ್ಲಿ ನೀರಿಲ್ಲದೆ ಎಷ್ಟೋ ವರ್ಷಗಳಾದರೂ ಹೆಸರು ಹಾಗೇ ಉಳಿದಿದೆ. ತಾತ ಬೂದಿಯ ಬುಟ್ಟಿ ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಅಂಗಳದ ಆ ಕೊನೆಗೆ, ಕಾಂಪೌಂಡ್ ಗೋಡೆಯ ಹತ್ತಿರಕ್ಕೆ ಹೋದರು. "ಕೆರೆ ಇಲ್ಲಿ ಬರುತ್ತದೆ ತಾತ" ಎಂದು ಹುಡುಗನೊಬ್ಬ ನಡುವಿನ ಜಾಗ ತೋರಿಸಿದ. "ಕೆರೆ ಎಲ್ಲಿ ಹೋಗುತ್ತದಪ್ಪ, ಅಲ್ಲೇ ಇರುತ್ತದೆ. ನೀರು ಬರುವ ದಾರಿಯನ್ನು ಮೊದಲು ಬರೆಯಬೇಕು" ಎಂದರು.

ಬಗ್ಗಿ, ಬೂದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣಗೆ ಬಿಡುತ್ತ ಅವರು ಹಿಂದಕ್ಕೆ ಹಿಂದಕ್ಕೆ ನಡೆದು ಬಂದರು. ಬೆಟ್ಟದ ಬುಡದಿಂದ ಒಂದು ಗೆರೆ, ಗೋಮಾಳದ ಕಡೆಯಿಂದ ಇನ್ನೊಂದು. ಎರಡೂ ಕೂಡುವಲ್ಲಿ ನಿಂತು ಒಂದು ಬೇವಿನ ಎಲೆ ಇಟ್ಟರು. ಅಲ್ಲಿ ಹಿಂದೆ ಗೋಕಟ್ಟೆ ಇತ್ತಂತೆ, ದನ ನೀರು ಕುಡಿಯುತ್ತಿದ್ದವಂತೆ. ಮತ್ತೆ ಗೆರೆ ಸಾಗಿತು. ಬಾಗಿದ ಕಡೆ ಬಾಗಿತು, ಅಗಲವಾದ ಕಡೆ ಅವರು ಎರಡು ಗೆರೆ ಎಳೆದರು. ಕೊನೆಗೆ ಕೆರೆ, ಏರಿ, ಎರಡು ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು. ಬರೆದು ಮುಗಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿರಬೇಕು. ಅಷ್ಟು ಹೊತ್ತು ಅಂಗಳದಲ್ಲಿ ಒಂದು ಮಾತಿಲ್ಲ. ಮೂವತ್ತು ವರ್ಷದ ಒಳಗಿನವರಲ್ಲಿ ಬಹುಪಾಲು ಮಂದಿಗೆ ಆ ರಾಜಕಾಲುವೆ ಇತ್ತೆಂಬುದೇ ಗೊತ್ತಿರಲಿಲ್ಲ. ಪ್ರತಿದಿನ ಅದರ ಮೇಲೆಯೇ ಬೈಕ್ ಓಡಿಸಿಕೊಂಡು ಹೋಗುತ್ತಿದ್ದವರು ಅವರು.

ಒಮ್ಮೆ ಕಾಲುವೆ ಬಿದ್ದ ಮೇಲೆ ನಕ್ಷೆ ತಾನಾಗಿ ತುಂಬತೊಡಗಿತು. ಹೆಂಗಸರು ಇಳಿದು ಮನೆಗಳನ್ನು ಇಟ್ಟರು, ನೀರು ಬರುವ ನಲ್ಲಿಗೆ ಒಂದು ಬೀಜ, ಬಾರದ್ದಕ್ಕೆ ಇಟ್ಟಿಗೆ ಪುಡಿ. ಊರಿನ ಹೊರಗಿನ ನೀಲಗಿರಿ ತೋಪುಗಳನ್ನು ಒಬ್ಬರು ಸೊಪ್ಪು ಚೆಲ್ಲಿ ತೋರಿಸಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿದೆ, ಆದರೆ ಇದ್ದದ್ದು ಕಡಿದಷ್ಟೂ ಚಿಗುರುತ್ತಲೇ ಇದೆ.

ಆಮೇಲಿನದು ಕಾಲದ ಗೆರೆ. ಹಿಂದೆ ಏನೇನಾಯಿತು ಎಂದು ಹಿರಿಯರು ಹೇಳುವುದು, ಕಿರಿಯರು ಬರೆಯುವುದು. ನಮ್ಮೂರಿನ ಹಿರಿಯರು ವರ್ಷವನ್ನು ಇಸವಿಯಿಂದ ಹೇಳುವುದಿಲ್ಲ, ಕೋಡಿ ಹರಿದದ್ದರಿಂದ ಹೇಳುತ್ತಾರೆ. 'ಕೋಡಿ ಬಿದ್ದ ಮಾರನೆಯ ವರ್ಷ ನನ್ನ ಮದುವೆ' ಎಂಬಂತೆ. ಊರಿಗೆ ಮೊದಲ ಕೈಪಂಪು ಬಂದದ್ದು ನಜೀರ್ ಸಾಬರ ಕಾಲದಲ್ಲಿ ಎಂದು ಒಬ್ಬರು ಹೇಳಿದರು. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಮಂಡಲ ಪಂಚಾಯಿತಿಗಳನ್ನು ತಂದ 1983ರ ಕಾಯ್ದೆಯ ಹಿಂದೆ ಇದ್ದವರೂ ಅವರೇ, 1987ರ ಚುನಾವಣೆಯಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಸಿಕ್ಕಿದ್ದೂ ಆ ಕಾಯ್ದೆಯಿಂದಲೇ. ನೀರು ಕೊಟ್ಟವರೂ ಕೂತು ಮಾತನಾಡಲು ಜಾಗ ಕೊಟ್ಟವರೂ ಒಬ್ಬರೇ ಎಂಬುದನ್ನು ನಾನು ಹೇಳಿದಾಗ ಹಿರಿಯರೊಬ್ಬರು ಕೈಮುಗಿದರು.

ಕೈಪಂಪಿನ ಕೊಳವೆ ಎಷ್ಟು ಆಳ ಇತ್ತು ಎಂದು ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು. ನೂರೈವತ್ತು ಅಡಿ ಎಂದರು. ಆಮೇಲಿನದು? ನಾನೂರು. ಅದರ ನಂತರದ್ದು? ಅವಳಿಗೆ ಏನನ್ನಿಸಿತೋ, ಮನೆಗೆ ಹೋಗಿ ರೇಷ್ಮೆ ಚಂದ್ರಿಕೆ ಕಟ್ಟುವ ದಾರದ ಉಂಡೆ ತಂದಳು. ನೂರು ಅಡಿಗೆ ಒಂದು ಮೊಳ ಎಂದು ತನ್ನ ಮೊಣಕೈಯಿಂದ ಅಳೆದು ಕತ್ತರಿಸುತ್ತ ಹೋದಳು. ತೆರೆದ ಬಾವಿಯ ಕಾಲದ್ದು ಅರ್ಧ ಮೊಳವೂ ಇರಲಿಲ್ಲ, ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಕೈಪಂಪಿನದು ಒಂದೂವರೆ ಮೊಳ. 1998ರದ್ದು ನಾಲ್ಕು, 2007ರದ್ದು ಎಂಟು, 2016ರದ್ದು ಹನ್ನೆರಡು. ಹಿಂದಿನ ವರ್ಷ ಪಂಚಾಯಿತಿ ಕೊರೆಸಿದ್ದು 1,400 ಅಡಿ, ಹದಿನಾಲ್ಕು ಮೊಳ. ದಾರಗಳನ್ನು ಒಂದರ ಪಕ್ಕ ಒಂದು ನೆಲದ ಮೇಲೆ ಚಾಚಿದಳು. ಕೊನೆಯದು ಧ್ವಜಕಟ್ಟೆಯನ್ನು ದಾಟಿ ಹೋಯಿತು. ಅದನ್ನು ನೋಡಿದ ಮೇಲೆ "ಇನ್ನೊಂದು ಬೋರ್ ಕೊರೆಸಿ" ಎಂದು ಆ ದಿನ ಯಾರೂ ಹೇಳಲಿಲ್ಲ.

ಜಗಳ ಬಂದದ್ದು ಊಟದ ಹೊತ್ತಿಗೆ. ಕಾಲುವೆಯ ಗೆರೆ ಯಾರ ಯಾರ ಜಮೀನಿನಲ್ಲಿ ಹಾದುಹೋಗಿದೆ ಎಂದು ಹುಡುಗರು ಹೆಸರು ಹೇಳತೊಡಗಿದರು. ಟೊಮೆಟೊ ಬೆಳೆಯುವ ರೈತರೊಬ್ಬರು ಎದ್ದರು. "ಅದು ನನ್ನ ತಂದೆ ಕೊಂಡ ಜಮೀನು. ಪಹಣಿಯಲ್ಲಿ ನನ್ನ ಹೆಸರಿದೆ" ಎನ್ನುತ್ತ ನಕ್ಷೆಯೊಳಕ್ಕೆ ನಡೆದು ಬಂದರು. ತಮ್ಮ ಜಮೀನು ಇರುವ ಜಾಗದಲ್ಲಿ ನಿಂತು, ಬೂದಿಯ ಗೆರೆಯನ್ನು ಅಂಗಾಲಿನಿಂದ ಉಜ್ಜಿದರು. ನಾಲ್ಕಾರು ಅಡಿ ಕಾಲುವೆ ಅಳಿಸಿಹೋಯಿತು. ಅವರ ಪಾದದ ಪಕ್ಕದಲ್ಲೇ ಬೂದಿ ಬಿಳಿ ಮಸಿಯಾಗಿ ಹರಡಿತ್ತು. ಯಾರೂ ಉಸಿರೆತ್ತಲಿಲ್ಲ. ತಾತ ನಿಧಾನವಾಗಿ ಬಂದು, ಅವರ ಮುಖ ನೋಡದೆ, ಅಳಿಸಿದಷ್ಟನ್ನು ಮತ್ತೆ ಬರೆದರು. ರೈತರು ಎರಡು ಗಳಿಗೆ ನಿಂತು ಅಂಗಳದಿಂದ ಹೊರಟುಹೋದರು. ಅವರ ಹಿಂದೆ ಇನ್ನೂ ಏಳೆಂಟು ಮಂದಿ ಎದ್ದು ನಡೆದರು.

ರಾತ್ರಿ ಮೇಡಂಗೆ ಫೋನ್ ಮಾಡಿದೆ. ಸಭೆಯನ್ನು ಕೆಡಿಸಿಬಿಟ್ಟೆನೇನೋ ಎಂಬ ಭಯ ನನಗೆ. ಅವರು, "ನಾಳೆ ಅವರ ಮನೆಗೆ ಹೋಗಿ. ಒಪ್ಪಿಸುವುದಕ್ಕಲ್ಲ, ಅವರು ಹೇಳುವುದನ್ನು ಕೇಳುವುದಕ್ಕೆ" ಎಂದರು. ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. ಒಂದು ಗಂಟೆ ಕೂತೆ. ಹಿಂದಿನ ವರ್ಷ ಬೆಲೆ ಬಿದ್ದು ಟೊಮೆಟೊವನ್ನು ರಸ್ತೆಯಲ್ಲಿ ಸುರಿದದ್ದು, ಬೋರ್‌ವೆಲ್‌ಗೆ ಮಾಡಿದ ಸಾಲ, ಅದರಲ್ಲಿ ಎರಡು ಬೋರ್ ಒಣಗಿದ್ದು. ಕಾಲುವೆಯ ಬಗ್ಗೆ ಅವರು ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿನ ನಕ್ಷೆಯಲ್ಲಿ ಅವರನ್ನು ಬರೀ ಒತ್ತುವರಿದಾರ ಎಂದು ನೋಡಿದ್ದು ನಮ್ಮ ತಪ್ಪು. ಆ ಜಾಗವೊಂದರಲ್ಲೇ ಅವರಿಗೆ ನೆಲ ತೇವ ಹಿಡಿಯುತ್ತದೆ, ಏಕೆಂದರೆ ಅದು ಕಾಲುವೆ.

ಎರಡನೆಯ ಭಾನುವಾರ, ಅಕ್ಟೋಬರ್ 16. ಅರವತ್ತನಾಲ್ಕು ಜನ ಬಂದಿದ್ದರು. ಹಿಂದಿನ ವಾರ ಎದ್ದುಹೋದವರಲ್ಲಿ ಕೆಲವರು ಬಂದರು, ಆ ರೈತರು ಬರಲಿಲ್ಲ, ಅವರ ಹೆಂಡತಿ ಬಂದರು. ನಾವು ಮೂರು ಗುಂಪು ಮಾಡಿದೆವು. ಹೆಂಗಸರು ಒಂದು ಕೋಣೆಯಲ್ಲಿ, ಮೂವತ್ತರ ಒಳಗಿನವರು ಇನ್ನೊಂದರಲ್ಲಿ, ಹಿರಿಯರು ಬೇವಿನ ಮರದ ಕೆಳಗೆ. ಬೇರೆ ಬೇರೆ ಕೂರಿಸುವುದಕ್ಕೆ ಒಬ್ಬಿಬ್ಬರು ಗಂಡಸರು ಆಕ್ಷೇಪಿಸಿದರು. ಎಲ್ಲರ ಮುಂದೆ ಮಾತನಾಡಿ ರೂಢಿಯಿಲ್ಲದವರಿಗೆ ಮೊದಲು ತಮ್ಮವರ ನಡುವೆ ಮಾತು ಕೂಡಿಸಿಕೊಳ್ಳಲು ಹೊತ್ತು ಬೇಕು. ಇದರಲ್ಲಿ ನಾನು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಮೂರೂ ಗುಂಪಿಗೆ ಒಂದೇ ಪ್ರಶ್ನೆ: "ಇವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ ಕಳೆದಿದೆ. 2042ರ ಅಕ್ಟೋಬರ್ 16, ಬೆಳಿಗ್ಗೆ ಆರು ಗಂಟೆ. ನಿಮ್ಮ ಮನೆಯ ಬಾಗಿಲು ತೆರೆದು ಹೊರಗೆ ಬನ್ನಿ. ಏನು ಕಾಣುತ್ತದೆ? ಯಾರು ಕಾಣುತ್ತಾರೆ?"

ಹೆಂಗಸರ ಕೋಣೆಯಲ್ಲಿ ನಾನಿದ್ದೆ. ಮೊದಲು ನಲ್ಲಿ, ರಸ್ತೆ, ಬಸ್ಸು ಎಂದು ಹಳೆಯ ಪಟ್ಟಿಯೇ ಬಂತು. ನಡುವೆ ಒಬ್ಬ ಹೆಂಗಸು, ಎರಡು ಹಸು ಕಟ್ಟಿರುವವರು, "ಆರು ಗಂಟೆಗೆ ನಾನು ಬಾಗಿಲು ತೆಗೆಯುವುದಿಲ್ಲ ಅಕ್ಕ. ಮಲಗಿರುತ್ತೇನೆ" ಎಂದರು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಕೋಣೆ ತಣ್ಣಗಾಯಿತು. ನಮ್ಮೂರಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ. ನೀರು ಹಿಡಿದು, ಸಗಣಿ ಬಾಚಿ, ಹಾಲು ಕರೆದು ಆರಕ್ಕೆ ಡೇರಿ ಮುಂದೆ ನಿಲ್ಲಬೇಕು. ಇನ್ನಿಪ್ಪತ್ತು ವರ್ಷಕ್ಕಾದರೂ ಆರು ಗಂಟೆಯವರೆಗೆ ನಿದ್ದೆ ಮಾಡಬೇಕೆಂಬುದು ಆ ಕೋಣೆಯ ಮೂವತ್ತು ಹೆಂಗಸರ ಭವಿಷ್ಯ. ಚಾರ್ಟಿನಲ್ಲಿ ಅದನ್ನು ಹಾಗೆಯೇ ಬರೆಯಿರಿ ಎಂದರು, ಬರೆದೆ: 'ಆರು ಗಂಟೆ. ನಾವು ಮಲಗಿದ್ದೇವೆ.'

ಕಿರಿಯರ ಗುಂಪಿನಲ್ಲಿ ಹನ್ನೊಂದು ಮಂದಿ. ಅಂಗನವಾಡಿ ಶಿಕ್ಷಕಿ ಅವರ ಜೊತೆಗಿದ್ದರು. 2042ರಲ್ಲಿ ಈ ಊರಲ್ಲಿ ಯಾರ್ಯಾರು ಇರುತ್ತೀರಿ ಎಂದು ಕೇಳಿದಾಗ ಕೈ ಎತ್ತಿದವರು ನಾಲ್ವರು. ಅವರ ಚಾರ್ಟಿನಲ್ಲಿ ಚಿತ್ರವಿರಲಿಲ್ಲ, 'ಇರುವವರು 4' ಎಂದು ದೊಡ್ಡದಾಗಿ ಬರೆದಿತ್ತು. ಕೆಳಗೆ ಕಂಪನಿಗೆ ಹೋಗುವ ಹುಡುಗಿಯ ಅಕ್ಷರದಲ್ಲಿ ಒಂದು ಸಾಲು: 'ಊರಲ್ಲೇ ಕೆಲಸವಿದ್ದರೆ 9.'

ಹಿರಿಯರ ಗುಂಪಿನಲ್ಲಿ ಮಾತು ಏಳಲೇ ಇಲ್ಲ. ಇಪ್ಪತ್ತು ವರ್ಷದ ಮೇಲೆ ತಾವಿರುವುದಿಲ್ಲ ಎಂದು ಸುಮ್ಮನಾದರು. ಒಕ್ಕೂಟದ ಹೆಂಗಸು ನನ್ನನ್ನು ಕರೆದರು. ನಾನು ಹೋಗಿ ಕೂತಾಗ ಕಾಲೊನಿಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ನಾನು ಇರುತ್ತೇನೆ ಕಣಮ್ಮ. ಮಣ್ಣಲ್ಲಿ ಇರುತ್ತೇನೆ. ಎಲ್ಲಿ ಇರುತ್ತೇನೆ ಅಂತ ಮಾತ್ರ ಗೊತ್ತಿಲ್ಲ" ಎಂದರು. ಕಾಲೊನಿಯವರಿಗೆ ಸ್ಮಶಾನಕ್ಕೆ ಜಾಗವಿಲ್ಲ. ಕೆರೆಯ ಅಂಚಿನಲ್ಲಿ ಹೂಳುತ್ತಾರೆ, ಅಲ್ಲಿಗೆ ಹೋಗಲು ಬೇರೆಯವರ ಹೊಲ ದಾಟಬೇಕು, ಬೆಳೆ ಇದ್ದಾಗ ದಾರಿ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಅಜ್ಜಿಯ ಗಂಡ ತೀರಿಕೊಂಡಾಗ ಹೆಣವನ್ನು ಬದುವಿನ ಮೇಲೆ ಇಳಿಸಿ ಅರ್ಧ ದಿನ ಕಾದಿದ್ದರಂತೆ. ನಾನು ಹದಿನೈದು ವರ್ಷದಿಂದ ಈ ಊರಲ್ಲಿದ್ದೇನೆ. ನಡವಳಿಯ ಐದು ವರ್ಷಗಳಲ್ಲಿ ಸ್ಮಶಾನ ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಮುಂದಿನ ದಿನಗಳು ಎಂದರೆ ಮಕ್ಕಳು, ಶಾಲೆ, ಉದ್ಯೋಗ ಎಂದೇ ನಾವೆಲ್ಲ ತಿಳಿದಿದ್ದೆವು.

ಮೂರು ಗುಂಪನ್ನೂ ಅಂಗಳಕ್ಕೆ ಕರೆದು ಚಾರ್ಟುಗಳನ್ನು ಓದಿದೆವು. ಅಜ್ಜಿಯ ಮಾತನ್ನು ಅವರೇ ಹೇಳಲಿ ಎಂದು ಮೈಕ್ ಕೊಟ್ಟೆವು. ಅವರು ಮೈಕ್ ಪಕ್ಕಕ್ಕಿಟ್ಟು ಹೇಳಿದರು, ಎಲ್ಲರಿಗೂ ಕೇಳಿಸಿತು.

ಚರ್ಚೆ ಕಾವೇರಿದ್ದು ಬೆಂಗಳೂರಿನ ನೀರಿನ ವಿಷಯದಲ್ಲಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ನಮ್ಮದು ಆ ಪಟ್ಟಿಯಲ್ಲಿಲ್ಲ. ಹುಡುಗರು ನಮಗೂ ಆ ನೀರು ಬೇಕು, ಅಕ್ಕಪಕ್ಕದ ಊರುಗಳಲ್ಲಿ ಬತ್ತಿದ ಬೋರ್‌ಗಳಲ್ಲಿ ನೀರು ಬಂದಿದೆ ಎಂದರು. ಹೆಂಗಸರು ಮೂರನೇ ಹಂತ ಶುದ್ಧೀಕರಿಸದ ನೀರು ಕೆಳಗಿಳಿದು ಕುಡಿಯುವ ನೀರಿಗೆ ಸೇರಿದರೆ ಯಾರು ಹೊಣೆ ಎಂದರು. ಎರಡೂ ಕಡೆ ನ್ಯಾಯವಿತ್ತು. ಅದನ್ನು ಅಲ್ಲಿ ತೀರ್ಮಾನಿಸಲು ಹೋಗಲಿಲ್ಲ. ಯಾವ ನೀರು ಬಂದರೂ ಕಾಲುವೆ ಬೇಕಲ್ಲವೇ ಎಂದು ತಾತ ಹೇಳಿದ ಮೇಲೆ ಮುಂದಕ್ಕೆ ಹೋದೆವು.

ಆಯ್ಕೆಗೆ ಪ್ರತಿಯೊಬ್ಬರಿಗೂ ಐದು ಹುಣಸೆ ಬೀಜ ಕೊಟ್ಟೆವು. ಕೋಣೆಯೊಳಗೆ ಸಾಲಾಗಿ ಮಡಕೆಗಳು, ಪ್ರತಿ ಮಡಕೆಯ ಮುಂದೆ ಒಂದು ಚಿತ್ರ, ಬಾಯಿಗೆ ತೂತು ಮಾಡಿದ ಬಟ್ಟೆ. ಒಬ್ಬೊಬ್ಬರೇ ಹೋಗಿ ಬರುವುದು. ಕೈ ಎತ್ತಿಸಿದ್ದರೆ ಯಜಮಾನರ ಕೈ ನೋಡಿ ಸೊಸೆಯ ಕೈ ಏಳುತ್ತಿತ್ತು. ಒಂದು ಮನೆಯ ಮಾವನವರು ಸೊಸೆಯ ಬೀಜಗಳನ್ನೂ ತಾವೇ ತೆಗೆದುಕೊಂಡು ಹೊರಟರು. ಒಕ್ಕೂಟದ ಹೆಂಗಸು, "ಅಣ್ಣ, ಅವರ ವೋಟು ಅವರೇ ಹಾಕುತ್ತಾರೆ" ಎಂದು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡರು.

ಎಣಿಸಿದಾಗ ಮೊದಲ ಸ್ಥಾನ ರಾಜಕಾಲುವೆಗೆ, 88 ಬೀಜ. ಎರಡನೆಯದು ಸ್ಮಶಾನ ಮತ್ತು ಅದರ ದಾರಿ, 71. ಕಾಲೊನಿಯಿಂದ ಬಂದಿದ್ದವರು ಹತ್ತು ಜನ, ಅವರ ಹತ್ತಿರ ಇದ್ದದ್ದು ಐವತ್ತು ಬೀಜ. ಉಳಿದವು ಊರೊಳಗಿನವರದು. ನೀರು ಬಿಡುವ ಹೊತ್ತು ಮೂರನೆಯದು. ಸಿಮೆಂಟ್ ರಸ್ತೆ ನಾಲ್ಕನೆಯದು, ಅದಕ್ಕೂ 59 ಬಂದಿತ್ತು. ಮಳೆಗಾಲದಲ್ಲಿ ಆ ಬೀದಿಯ ಕೆಸರು ನೋಡಿದವರು ಅದನ್ನು ಹಗುರ ಮಾಡುವುದಿಲ್ಲ.

ಇನ್ನು ಹಿಂದಕ್ಕೆ ನಡೆಯುವುದು. 2042ರಲ್ಲಿ ಕೆರೆ ತುಂಬಿರಬೇಕಾದರೆ 2032ಕ್ಕೆ ಏನಾಗಿರಬೇಕು, 2027ಕ್ಕೆ ಏನು, ಬರುವ ಏಪ್ರಿಲ್‌ಗೆ ಏನು? ಇಲ್ಲಿ ಪಿಡಿಒ ಬಹಳ ಕೆಲಸಕ್ಕೆ ಬಂದರು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕು, 40 ಭಾಗ ಮಾತ್ರ ನಮ್ಮ ಆಯ್ಕೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಕಾಲುವೆಯ ಹೂಳು, ಗೋಕಟ್ಟೆ ನರೇಗಾದಲ್ಲಿ ಆಗುತ್ತವೆ ಎಂದರು. ಒತ್ತುವರಿ ಗುರುತಿಸಲು ತಹಶೀಲ್ದಾರರ ಮೂಲಕ ಸರ್ವೆ ಆಗಬೇಕು. ಸ್ಮಶಾನಕ್ಕೆ ಗೋಮಾಳದಲ್ಲಿ ಜಾಗ ಕೇಳಬೇಕು. ನೀರು ಬಿಡುವ ಹೊತ್ತನ್ನು ಬದಲಿಸುವುದಕ್ಕೆ ಹಣವೇ ಬೇಡ, ನೀರು ಬಿಡುವ ಹುಡುಗನ ಜೊತೆ ಮಾತನಾಡಿದರೆ ಸಾಕು. ಮರುವಾರದಿಂದಲೇ ನಾಲ್ಕು ಗಂಟೆಯ ನೀರು ಏಳು ಗಂಟೆಗೆ ಬಂತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಏಕೆಂದರೆ ಅದು 'ಕಾಮಗಾರಿ'ಯಲ್ಲ.

ಗ್ರಾಮ ಸಭೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನೋಡಲ್ ಅಧಿಕಾರಿ ಬಂದರು, ಕೋರಂ ಆಯಿತು, ವಾರ್ಡುಗಳ ಪಟ್ಟಿ ಓದಿದರು. ನಮ್ಮ ವಾರ್ಡಿನಿಂದ ಹೆಂಗಸರೇ ಮೂವತ್ತರ ಮೇಲೆ ಹೋಗಿದ್ದರು. 'ಆರು ಗಂಟೆ, ನಾವು ಮಲಗಿದ್ದೇವೆ' ಎಂಬುದನ್ನು ನಡವಳಿಗೆ ಸೇರಿಸಲು ಅಧಿಕಾರಿ ಒಪ್ಪಲಿಲ್ಲ. ಯೋಜನೆಯನ್ನು ಆನ್‌ಲೈನ್‌ಗೆ ಏರಿಸುವಾಗ ಪ್ರತಿಯೊಂದಕ್ಕೂ ಕಾಮಗಾರಿಯ ಹೆಸರು, ಅಂದಾಜು ಮೊತ್ತ ಬೇಕು. ಹಾಗಾಗಿ ನಮ್ಮ 2042 ಅಲ್ಲಿ 'ಕಾಲುವೆ ಹೂಳೆತ್ತುವುದು, 600 ಮೀಟರ್' ಎಂದಾಯಿತು. ನನಗೆ ಆಗ ಹೊಟ್ಟೆ ಉರಿದಿತ್ತು. ಈಗಲೂ, ಜನ ಕಂಡ ನಾಳೆಯನ್ನು ಜನರದೇ ಮಾತಿನಲ್ಲಿ ಬರೆದಿಡುವ ಪುಸ್ತಕವೊಂದು ಪಂಚಾಯಿತಿಯಲ್ಲಿ ಇರಬೇಕು ಎಂದೇ ನನ್ನ ಅಭಿಪ್ರಾಯ. ಆ ಚಾರ್ಟುಗಳನ್ನು ಗ್ರಂಥಾಲಯದಲ್ಲಿ ಇಟ್ಟುಕೊಂಡಿದ್ದೇನೆ. ದಾರಗಳೂ ಅಲ್ಲೇ ಇವೆ, ಒಂದೊಂದಕ್ಕೆ ಇಸವಿಯ ಚೀಟಿ ಕಟ್ಟಿ ಗೋಡೆಗೆ ಹಾಕಿದ್ದೇನೆ. ಹದಿನಾಲ್ಕು ಮೊಳದ್ದು ಗೋಡೆಗೆ ಸಾಲದು, ಮೂರು ಮಡಿಕೆ ಮಾಡಬೇಕಾಯಿತು.

2023ರ ಬೇಸಿಗೆಯಲ್ಲಿ ನರೇಗಾದಲ್ಲಿ ಬೆಟ್ಟದ ಬುಡದಿಂದ ಗೋಕಟ್ಟೆಯವರೆಗಿನ ಕಾಲುವೆ ತೆರೆದುಕೊಂಡಿತು. ಸ್ಮಶಾನಕ್ಕೆ ಒಂದು ಎಕರೆ ಗುರುತಿಸಿ ನಾಲ್ಕು ಮೂಲೆಗೆ ಕಲ್ಲು ನೆಟ್ಟರು. ದಾರಿಯ ಅಳತೆಯಾಗಿದೆ, ಮಣ್ಣು ಇನ್ನೂ ಬಿದ್ದಿಲ್ಲ. ಅಜ್ಜಿ ಗಟ್ಟಿಯಾಗಿದ್ದಾರೆ. ಗೋಕಟ್ಟೆಯಿಂದ ಕೆಳಗೆ ಕೆಲಸ ನಿಂತಿದೆ, ಅಲ್ಲಿಂದ ಮುಂದೆ ಜಮೀನುಗಳು.

ಒಂದು ಮಧ್ಯಾಹ್ನ ಆ ಟೊಮೆಟೊ ರೈತರು ಗ್ರಂಥಾಲಯಕ್ಕೆ ಬಂದರು. ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಸ್ವಲ್ಪ ಹೊತ್ತು ಪತ್ರಿಕೆ ತಿರುವಿದರು. ಆಮೇಲೆ, "ಅವತ್ತು ನೆಲದ ಮೇಲೆ ಬರೆದದ್ದರ ಫೋಟೊ ಇದೆಯಂತಲ್ಲ ಮೇಡಂ" ಎಂದರು. ತೋರಿಸಿದೆ. ಅಳಿಸಿ ಮತ್ತೆ ಬರೆದ ಜಾಗ ಫೋಟೊದಲ್ಲಿ ಉಳಿದದ್ದಕ್ಕಿಂತ ದಪ್ಪವಾಗಿ ಕಾಣುತ್ತದೆ. ಅವರು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಇಲ್ಲಿ ಕಾಲುವೆ ಎಷ್ಟು ಅಡಿ ಅಗಲ ಅಂತ ತಾತ ಹೇಳಿದರು?"

"ಎಂಟು ಅಡಿ."

"ಎಂಟು" ಎಂದು ತಮಗೆ ತಾವೇ ಹೇಳಿಕೊಂಡು, ಆ ಫೋಟೊವನ್ನು ತಮ್ಮ ಮೊಬೈಲ್‌ಗೆ ಕಳುಹಿಸಲು ಹೇಳಿದರು. ಕಳುಹಿಸಿದೆ. ಸರ್ವೆಯವರು ಬರುವುದು ಬರುವ ತಿಂಗಳು.